ಡಾರ್ಬಿಯ ರೈಲ್ವೆ ಸಾಲುಮನೆಗಳು: ಒಂದು ಗೋಡೆ, ಎರಡು ಸಂಸಾರ

ಟೆರೇಸ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಟ್ಟೆ ಒಣಹಾಕುವ, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಇಡುವ ತಾರಸಿ. ಇಂಗ್ಲೆಂಡಿನಲ್ಲಿ ಆ ಪದಕ್ಕೆ ಬೇರೆಯದೇ ಅರ್ಥ. ಒಂದಕ್ಕೊಂದು ಅಂಟಿಕೊಂಡು, ನಡುವಿನ ಗೋಡೆಯನ್ನು ಹಂಚಿಕೊಂಡು, ಬೀದಿಯುದ್ದಕ್ಕೂ ನಿಂತ ಮನೆಗಳ ಸಾಲಿಗೆ ಅಲ್ಲಿ ಟೆರೇಸ್ ಅನ್ನುತ್ತಾರೆ. ಮೈಸೂರು, ಬೆಂಗಳೂರಿನ ಹಳೆಯ ವಠಾರ ಕಂಡವರಿಗೆ ಇದು ತೀರ ಹೊಸದೆನಿಸುವುದಿಲ್ಲ. ಆದರೆ ವಠಾರದ ಬಾಗಿಲುಗಳು ಒಳಗಿನ ಅಂಗಳಕ್ಕೆ ತೆರೆಯುತ್ತವೆ. ಇಲ್ಲಿ ಪ್ರತಿ ಮನೆಯ ಬಾಗಿಲೂ ನೇರ ಬೀದಿಗೆ ತೆರೆಯುತ್ತದೆ, ಅಂಗಳ ಹಿಂದೆ.

ಇಂಗ್ಲೆಂಡಿನ ನಡುಭಾಗದ ಊರಾದ ಡಾರ್ಬಿಯ ರೈಲು ನಿಲ್ದಾಣದಿಂದ ಹೊರಗೆ ಬಂದು ಕೆಲವೇ ನಿಮಿಷ ನಡೆದರೆ ಅಂಥದೊಂದು ಗುಂಪು ಸಿಗುತ್ತದೆ. ರೈಲ್ವೆ ಟೆರೇಸ್, ಮಿಡ್ಲೆಂಡ್ ಪ್ಲೇಸ್, ಲೀಡ್ಸ್ ಪ್ಲೇಸ್, ಶೆಫೀಲ್ಡ್ ಪ್ಲೇಸ್, ಕ್ಯಾಲ್ವರ್ಟ್ ಸ್ಟ್ರೀಟ್ ಎಂಬ ಪುಟ್ಟ ಬೀದಿಗಳು, ಕೆಂಪು ಇಟ್ಟಿಗೆಯ ಮನೆಗಳು, ಸ್ಲೇಟಿನ ಮಾಡು, ಮೂಲೆಯಲ್ಲಿ ಬ್ರನ್ಸ್‌ವಿಕ್ ಇನ್ ಎಂಬ ಪಬ್. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಐದು ವರ್ಷವಾಗಿದ್ದಾಗ, 1842ರ ಹೊತ್ತಿಗೆ, ನಾರ್ತ್ ಮಿಡ್ಲೆಂಡ್ ರೈಲ್ವೆ ಕಂಪನಿ ತನ್ನ ಕೆಲಸಗಾರರಿಗಾಗಿ ಕಟ್ಟಿಸಿದ ಮನೆಗಳಿವು. ಇವತ್ತು ಇವೆಲ್ಲ ಗ್ರೇಡ್ 2 ದರ್ಜೆಯ ಲಿಸ್ಟೆಡ್ ಕಟ್ಟಡಗಳು, ಅಂದರೆ ಕಾನೂನಿನ ರಕ್ಷಣೆ ಇರುವಂಥವು.

ನಾನು ಡಾರ್ಬಿಗೆ ಕೆಲಸಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಈ ಬೀದಿಗಳಲ್ಲಿ ದಿನಾ ನಡೆದಾಡುತ್ತಿದ್ದೆ. ಆಗ ಹುಟ್ಟಿದ ಪ್ರಶ್ನೆ: ಇಷ್ಟು ಸಾದಾ ಮನೆಗಳಿಗೆ ಯಾಕೆ ಇಷ್ಟು ರಕ್ಷಣೆ? ಅರಮನೆಯಲ್ಲ, ಚರ್ಚಲ್ಲ. ಎರಡು ಕೋಣೆ ಕೆಳಗೆ, ಎರಡು ಕೋಣೆ ಮೇಲೆ ಅನ್ನುವ ಮಟ್ಟದ ಕೂಲಿಕಾರರ ಮನೆಗಳು. ಉತ್ತರ ಹುಡುಕುತ್ತಾ ಹೋದಾಗ ನನಗೆ ಅರ್ಥವಾಗಿದ್ದು ಇಷ್ಟು. ಇಲ್ಲಿ ಮನೆ ಒಂದು ಕಟ್ಟಡವಲ್ಲ. ಸಾಲೇ ಕಟ್ಟಡ, ಮನೆ ಅದರೊಳಗಿನ ಒಂದು ಖಾನೆ. ಇದು ತಲೆಗೆ ಹೋದರೆ ಇಟ್ಟಿಗೆಯಿಂದ ಹಿಡಿದು ಕಾನೂನಿನವರೆಗೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಈ ಮನೆಗಳು ಇಲ್ಲಿ ಯಾಕೆ ಬಂದವು ಅನ್ನುವುದು. 1839–40ರಲ್ಲಿ ಮೂರು ಬೇರೆ ಬೇರೆ ರೈಲು ಕಂಪನಿಗಳು ಡಾರ್ಬಿಯಲ್ಲಿ ಬಂದು ಸೇರಿದವು. ನಾರ್ತ್ ಮಿಡ್ಲೆಂಡ್ ಕಂಪನಿಯ ಹಳಿ ಇಲ್ಲಿಂದ ಲೀಡ್ಸ್‌ಗೆ ಹೋಗುತ್ತಿತ್ತು. ಬೀದಿಗಳ ಹೆಸರು ಬಂದದ್ದು ಅಲ್ಲಿಂದಲೇ. ನಿಲ್ದಾಣ ಬಂತು, ಎಂಜಿನ್ ಶೆಡ್ಡು ಬಂತು, ಕಾರ್ಖಾನೆ ಬಂತು. ಫಿಟ್ಟರುಗಳು, ಡ್ರೈವರುಗಳು, ಗುಮಾಸ್ತರು ಬೇರೆ ಊರುಗಳಿಂದ ಬಂದರು. ಉಳಿದುಕೊಳ್ಳಲು ಜಾಗವಿರಲಿಲ್ಲ. ಹಾಗಾಗಿ ಕಂಪನಿಯೇ ಮನೆ ಕಟ್ಟಿಸಲು ಇಳಿಯಿತು. ವಿನ್ಯಾಸ ಮಾಡಿದವನು ಫ್ರಾನ್ಸಿಸ್ ಥಾಮ್ಸನ್. ಡಾರ್ಬಿಯ ನಿಲ್ದಾಣವನ್ನೂ, ಎದುರಿನ ಮಿಡ್ಲೆಂಡ್ ಹೋಟೆಲನ್ನೂ, ಲೀಡ್ಸ್‌ವರೆಗಿನ ಹಾದಿಯ ಸ್ಟೇಷನ್ನುಗಳನ್ನೂ ಬರೆದುಕೊಟ್ಟ ವಾಸ್ತುಶಿಲ್ಪಿ ಅವನೇ. ಗಮನಿಸಬೇಕಾದ ಮಾತು ಇದು. ಆ ಕಾಲದ ಕೂಲಿಕಾರರ ಮನೆಗಳಿಗೆ ಸಾಮಾನ್ಯವಾಗಿ ವಾಸ್ತುಶಿಲ್ಪಿ ಇರುತ್ತಿರಲಿಲ್ಲ. ಲಾಭಕ್ಕೆ ಕಟ್ಟುವ ಗುತ್ತಿಗೆದಾರ ಜಾಗ ಹಿಡಿದು, ಕಂಡಷ್ಟು ಮನೆ ತುರುಕಿ, ಬಾಡಿಗೆಗೆ ಬಿಡುತ್ತಿದ್ದ. ಹೋಟೆಲಿನ ಮುಂಬಾಗಿಲನ್ನು ಬರೆದ ಕೈಯೇ ಫಿಟ್ಟರನ ಮನೆಯ ಕಿಟಕಿಯನ್ನೂ ಬರೆದದ್ದು ಇಲ್ಲಿನ ವಿಶೇಷ.

ಅದೇ 1842ರಲ್ಲಿ ಸಮಾಜ ಸುಧಾರಕ ಎಡ್ವಿನ್ ಚಾಡ್ವಿಕ್ ಬ್ರಿಟನ್ನಿನ ದುಡಿಯುವ ಜನರ ಆರೋಗ್ಯದ ಸ್ಥಿತಿಗತಿಯ ಬಗ್ಗೆ ತನ್ನ ಪ್ರಸಿದ್ಧ ವರದಿ ಕೊಟ್ಟ. ಕೊಳಚೆ ನೀರು, ಗಾಳಿಯಿಲ್ಲದ ಕೋಣೆ, ಒಂದೇ ಕಕ್ಕಸಿಗೆ ಹತ್ತಾರು ಸಂಸಾರ. ಆಗ ದೊಡ್ಡ ಕೈಗಾರಿಕಾ ಊರುಗಳಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಮನೆಗಳು ಸಾಮಾನ್ಯವಾಗಿದ್ದವು: ಎಡಕ್ಕೆ ಒಂದು ಮನೆ, ಬಲಕ್ಕೆ ಒಂದು, ಹಿಂದೆಯೂ ಒಂದು. ಮೂರು ಕಡೆ ಪಕ್ಕದವರ ಗೋಡೆ, ಒಂದು ಕಡೆ ಮಾತ್ರ ಕಿಟಕಿ ಬಾಗಿಲು. ಮುಂದಿನಿಂದ ಬಂದ ಗಾಳಿ ಹಿಂದಿನಿಂದ ಹೋಗಲು ದಾರಿಯೇ ಇಲ್ಲ. ಇದಕ್ಕೆ ಹೋಲಿಸಿದರೆ ಹಿಂದೊಂದು ಅಂಗಳ, ಮುಂದೊಂದು ಬೀದಿ, ಎರಡು ಕಡೆ ಕಿಟಕಿ ಇರುವ ಸಾಲುಮನೆ ಎಷ್ಟೋ ಮೇಲು. ಇವತ್ತು ಚಿಕ್ಕದಾಗಿ ಕಾಣುವ ಮನೆಯನ್ನು ಅಂದಿನ ಕಣ್ಣಿನಿಂದ ನೋಡಬೇಕು.

ಇನ್ನೊಂದು ಸಂಗತಿ. 1842ರಲ್ಲಿ ಮನೆ ಕಟ್ಟುವವನು ಮೂರು ತೆರಿಗೆಗಳ ನಡುವೆ ಸಿಕ್ಕಿಕೊಂಡಿದ್ದ. 1784ರಿಂದ ಇಟ್ಟಿಗೆಗೆ ತೆರಿಗೆ ಇತ್ತು, ಸಾವಿರಕ್ಕೆ ಇಷ್ಟು ಎಂದು. ಅದು ಹೋದದ್ದು 1850ರಲ್ಲಿ. ಗಾಜಿನ ಮೇಲಿನ ತೆರಿಗೆ 1845ರವರೆಗೆ ಇತ್ತು. ಕಿಟಕಿ ತೆರಿಗೆಯಂತೂ 1696ರಿಂದ 1851ರವರೆಗೆ ನಡೆಯಿತು. ಆದರೆ 1825ರಿಂದ ಎಂಟಕ್ಕಿಂತ ಕಡಿಮೆ ಕಿಟಕಿಯ ಮನೆಗೆ ವಿನಾಯಿತಿ ಸಿಕ್ಕಿತ್ತು. ಆ ಕಾಲದ ಸಣ್ಣ ಮನೆಯಲ್ಲಿ ಗೋಡೆ ಹೆಚ್ಚು, ಗಾಜು ಕಡಿಮೆ ಅನಿಸಿದರೆ ಅದರಲ್ಲಿ ಈ ಲೆಕ್ಕಾಚಾರದ ಪಾಲೂ ಇದೆ. ಈ ತೆರಿಗೆಗಳೆಲ್ಲ ಹೋದ ಮೇಲೆ, ಅಂದರೆ 1851ರ ನಂತರ, ಇಟ್ಟಿಗೆಯ ಮನೆಗಳು ಇಂಗ್ಲೆಂಡಿನ ತುಂಬ ಹಬ್ಬಿದವು.

ಈಗ ಗೋಡೆಯ ಹತ್ತಿರ ಹೋಗೋಣ. ಮೂಗು ತಾಗುವಷ್ಟು ಹತ್ತಿರ.

ನಮ್ಮೂರಿನ ಯಾವ ಮೇಸ್ತ್ರಿಯನ್ನು ಕೇಳಿದರೂ ಗೋಡೆಯನ್ನು ಒಂಬತ್ತು ಇಂಚು, ನಾಲ್ಕೂವರೆ ಇಂಚು ಎಂದೇ ಅಳೆಯುತ್ತಾರೆ. ಆ ಲೆಕ್ಕದ ಹಿಂದೆ ಇರುವುದು ಇದೇ ಇಟ್ಟಿಗೆ. ಉದ್ದ ಒಂಬತ್ತು, ಅಗಲ ನಾಲ್ಕೂವರೆ, ದಪ್ಪ ಸುಮಾರು ಮೂರು. ಅಗಲದ ಎರಡರಷ್ಟು ಉದ್ದ. ಹಾಗಿದ್ದರೆ ಮಾತ್ರ ಎರಡು ಇಟ್ಟಿಗೆ ಅಕ್ಕಪಕ್ಕ ಉದ್ದಕ್ಕೆ ಇಟ್ಟಾಗ ಬರುವ ದಪ್ಪಕ್ಕೆ, ಒಂದು ಇಟ್ಟಿಗೆ ಅಡ್ಡಡ್ಡ ಇಟ್ಟದ್ದು ಸರಿಹೊಂದುತ್ತದೆ. ಉದ್ದಕ್ಕೆ ಇಟ್ಟದ್ದಕ್ಕೆ ಸ್ಟ್ರೆಚರ್, ಅಡ್ಡಕ್ಕೆ ಇಟ್ಟದ್ದಕ್ಕೆ ಹೆಡರ್. ಇವನ್ನು ಹೆಣೆಯುವ ಕ್ರಮಕ್ಕೆ ಬಾಂಡ್ ಅನ್ನುತ್ತಾರೆ. ಸಿವಿಲ್ ಡಿಪ್ಲೊಮಾ ಓದಿದವರಿಗೆ ಇಂಗ್ಲಿಷ್ ಬಾಂಡ್, ಫ್ಲೆಮಿಷ್ ಬಾಂಡ್ ಎಂದು ಚಿತ್ರ ಬರೆದು ಅಂಕ ಗಳಿಸಿದ ನೆನಪು ಇರಬಹುದು. ಇಂಗ್ಲಿಷ್ ಬಾಂಡಿನಲ್ಲಿ ಒಂದು ವರಸೆ ಪೂರ್ತಿ ಉದ್ದದ ಇಟ್ಟಿಗೆ, ಅದರ ಮೇಲಿನ ವರಸೆ ಪೂರ್ತಿ ಅಡ್ಡದ್ದು. ಫ್ಲೆಮಿಷ್ ಬಾಂಡಿನಲ್ಲಿ ಪ್ರತಿ ವರಸೆಯಲ್ಲೂ ಒಂದು ಉದ್ದ, ಒಂದು ಅಡ್ಡ, ಒಂದು ಉದ್ದ, ಒಂದು ಅಡ್ಡ. ಮುಂಭಾಗವನ್ನು ಅಂದಗೊಳಿಸುವ ಉದ್ದೇಶವಿದ್ದಾಗ ಹೆಚ್ಚಾಗಿ ಇದನ್ನೇ ಬಳಸುತ್ತಿದ್ದರು.

ಆದರೆ ಅಂದ ಇಲ್ಲಿ ಎರಡನೆಯ ಮಾತು. ಅಡ್ಡ ಇಟ್ಟ ಇಟ್ಟಿಗೆ ಗೋಡೆಯ ಹೊರಮೈಯಿಂದ ಒಳಮೈಗೆ ಹಾದುಹೋಗಿ ಎರಡು ಪದರಗಳನ್ನು ಹೊಲಿಗೆ ಹಾಕಿದಂತೆ ಹಿಡಿದಿಡುತ್ತದೆ. ಅದನ್ನು ತಪ್ಪಿಸಿದರೆ ಗೋಡೆ ಒಂದಾಗಿ ನಿಲ್ಲುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕಾಸು ಉಳಿಸಲು ಹೊರಟ ಗುತ್ತಿಗೆದಾರರು ಇಲ್ಲೇ ಮೋಸ ಮಾಡುತ್ತಿದ್ದರು. ಮುಂಭಾಗಕ್ಕೆ ಹಾಕುವ ಒಳ್ಳೆಯ ಇಟ್ಟಿಗೆ ದುಬಾರಿ, ಒಳಗಿನದು ಅಗ್ಗ. ಹಾಗಾಗಿ ಒಳ್ಳೆಯ ಇಟ್ಟಿಗೆಯನ್ನು ನಡುವೆ ಮುರಿದು ಎರಡು ತುಂಡನ್ನು ಎರಡು ಹೆಡರಿನ ಜಾಗದಲ್ಲಿ ಕೂರಿಸಿಬಿಡುತ್ತಿದ್ದರು. ಬೀದಿಯಿಂದ ನೋಡಿದರೆ ಚೊಕ್ಕ ಫ್ಲೆಮಿಷ್ ಬಾಂಡ್. ಒಳಗೆ ಹೊಲಿಗೆಯೇ ಇಲ್ಲ. ನೂರು ವರ್ಷದ ಮೇಲೆ ಹೊರಮೈ ಹೊಟ್ಟೆ ಬಂದಂತೆ ಉಬ್ಬುತ್ತದೆ. ಇಂಗ್ಲೆಂಡಿನ ಹಳೆಯ ಬೀದಿಗಳಲ್ಲಿ ಗೋಡೆಯ ಮೇಲೆ ಕಬ್ಬಿಣದ ದುಂಡು ಬಿಲ್ಲೆ, ಎಸ್ ಆಕಾರದ ಅಥವಾ ಗುಣಾಕಾರ ಚಿಹ್ನೆಯಂಥ ಪಟ್ಟಿ ಕಂಡರೆ ಅದು ಅಲಂಕಾರವಲ್ಲ. ಒಳಗಿನಿಂದ ಕಬ್ಬಿಣದ ಸರಳು ಹಾಯಿಸಿ, ಉಬ್ಬುತ್ತಿರುವ ಗೋಡೆಯನ್ನು ಹಿಡಿದು ನಿಲ್ಲಿಸಿದ ಗುರುತು ಅದು.

ಇಟ್ಟಿಗೆಯ ಬಣ್ಣ ನೆಲದ ಬಣ್ಣ. ಡಾರ್ಬಿಯ ಸುತ್ತಲಿನ ನಡುನಾಡಿನಲ್ಲಿ ಜೇಡಿಯಲ್ಲಿ ಕಬ್ಬಿಣದ ಅಂಶ ಹೆಚ್ಚು, ಸುಟ್ಟಾಗ ಕೆಂಪು. ಲಂಡನ್ನಿನ ಹಳೆ ಮನೆಗಳ ಇಟ್ಟಿಗೆ ಹಳದಿ, ಯಾಕೆಂದರೆ ಅಲ್ಲಿ ಜೇಡಿಗೆ ಸೀಮೆಸುಣ್ಣದ ಕಲ್ಲು ಬೆರೆಸುತ್ತಿದ್ದರು. ಸ್ಟ್ಯಾಫರ್ಡ್‌ಶೈರಿನಲ್ಲಿ ಹೆಚ್ಚು ಬಿಸಿಯಲ್ಲಿ, ಗಾಳಿ ಕಡಿಮೆ ಮಾಡಿ ಸುಟ್ಟಾಗ ಅದೇ ಕೆಂಪು ಜೇಡಿ ನೀಲಿಗಪ್ಪು ತಿರುಗಿ ನೀರು ಕುಡಿಯದಷ್ಟು ಗಟ್ಟಿಯಾಗುತ್ತದೆ. ರೈಲು ಬರುವ ಮುಂಚೆ ಇಟ್ಟಿಗೆಯನ್ನು ದೂರ ಸಾಗಿಸುವುದು ಬಹಳ ದುಬಾರಿಯಾಗುತ್ತಿತ್ತು. ಹಾಗಾಗಿ ಊರು ನಿಂತ ಮಣ್ಣೇ ಊರಾಗಿ ಎದ್ದು ನಿಲ್ಲುತ್ತಿತ್ತು.

ಇಟ್ಟಿಗೆಗಿಂತ ಮುಖ್ಯವಾದದ್ದು ಅದರ ಸಂದಿಯಲ್ಲಿದೆ. ಜನ ನೋಡದೆ ಹೋಗುವುದೂ ಅದನ್ನೇ. 1842ರ ಗೋಡೆಯ ಗಾರೆ ಸುಣ್ಣದ್ದು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಬಿಸಿಯಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕೊತಕೊತ ಕುದ್ದು ಅರಳಿ ಬೆಣ್ಣೆಯಂತಾಗುತ್ತದೆ. ಮರಳು ಸೇರಿಸಿದರೆ ಗಾರೆ. ಗೋಡೆಯೊಳಗೆ ಹೋದ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುವ ಕೆಲಸ. ಪೋರ್ಟ್‌ಲೆಂಡ್ ಸಿಮೆಂಟಿಗೆ ಲೀಡ್ಸ್‌ನ ಜೋಸೆಫ್ ಆಸ್ಪ್‌ಡಿನ್ 1824ರಲ್ಲೇ ಪೇಟೆಂಟ್ ತೆಗೆದಿದ್ದರೂ ಸಾಮಾನ್ಯ ಮನೆಯ ಗೋಡೆಗೆ ಸಿಮೆಂಟು ಇಳಿಯಲು ಇಪ್ಪತ್ತನೇ ಶತಮಾನವೇ ಬರಬೇಕಾಯಿತು.

ಸುಣ್ಣದ ಗಾರೆಯ ಗುಣ ಎರಡು. ಅದು ಇಟ್ಟಿಗೆಗಿಂತ ಮೆತ್ತಗೆ. ನೆಲ ಸ್ವಲ್ಪ ಕುಸಿದರೆ, ಚಳಿ ಬಿಸಿಲಿಗೆ ಗೋಡೆ ಹಿಗ್ಗಿ ಕುಗ್ಗಿದರೆ, ಇಟ್ಟಿಗೆ ಸೀಳದೆ ಗಾರೆ ತಾನು ಸವೆದು ಒತ್ತಡ ತಾಳಿಕೊಳ್ಳುತ್ತದೆ. ಇನ್ನೊಂದು, ಅದರೊಳಗೆ ಸಣ್ಣ ಸಣ್ಣ ರಂಧ್ರಗಳಿದ್ದು ನೀರಿನ ಆವಿ ಹೊರಹೋಗುತ್ತದೆ. ಈ ಮನೆಗಳಿಗೆ ಇವತ್ತಿನ ಮನೆಗಳಂತೆ ನಡುವೆ ಟೊಳ್ಳಿರುವ ಎರಡು ಪದರದ ಗೋಡೆ ಇಲ್ಲ. ಒಂಬತ್ತು ಇಂಚಿನ ಒಂದೇ ಗಟ್ಟಿ ಗೋಡೆ. ಮಳೆ ಬಂದಾಗ ಅದು ನೀರು ಕುಡಿಯುತ್ತದೆ, ಗಾಳಿ ಬೀಸಿದಾಗ ಸಂದಿಗಳ ಮೂಲಕ ಬಿಡುತ್ತದೆ. ನೀರು ಬರದಂತೆ ತಡೆಯುವುದು ಈ ಗೋಡೆಯ ವಿಧಾನವೇ ಅಲ್ಲ. ಬಂದದ್ದನ್ನು ಹೊರಗೆ ಕಳಿಸುವುದು ಅದರ ವಿಧಾನ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಾನು ಬಾಡಿಗೆಗೆ ಹಿಡಿದದ್ದೂ ಇಟ್ಟಿಗೆಯ ಸಾಲುಮನೆಯೇ, ರೈಲ್ವೆ ಮನೆಗಳಿಗಿಂತ ಐವತ್ತು ವರ್ಷ ಚಿಕ್ಕದು, ಲಿಸ್ಟೆಡ್ ಅಲ್ಲ. ಹಿಂದಿನ ಕೋಣೆಯ ಗೋಡೆ ಸದಾ ಥಂಡಿ. ಮಂಚದ ಹಿಂದೆ ಕಪ್ಪು ಬೂಷ್ಟು, ಬಣ್ಣ ಎದ್ದು ಬಿಳಿ ಉಪ್ಪು. ನನ್ನ ಸೋದರಮಾವ ತಿಪಟೂರಿನ ಕಡೆ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ವಿಡಿಯೊ ಕಾಲಿನಲ್ಲಿ ಗೋಡೆ ತೋರಿಸಿದೆ.

"ಒಳಗಲ್ಲ ಮಗಾ, ಆಚೆ ಹೋಗು. ಸಂದಿ ತೋರ್ಸು," ಅಂದರು. ತೋರಿಸಿದೆ. "ಉಗುರಲ್ಲಿ ಕೆರಿ." ಕೆರೆದೆ. ಏನೂ ಬರಲಿಲ್ಲ.

"ಸಿಮೆಂಟ್ ಮೆತ್ತಿದಾರೆ. ನೀರು ಎಲ್ಲಿಂದ ಆಚೆ ಬರ್ಬೇಕು ಅದು?"

ಅಷ್ಟೇ ಅವರು ಹೇಳಿದ್ದು, ಮತ್ತು ಅಷ್ಟೇ ಸಾಕಾಗಿತ್ತು. ಯಾವಾಗಲೋ ಯಾರೋ ಹಳೆ ಸುಣ್ಣದ ಸಂದಿಯ ಮೇಲೆ ಗಟ್ಟಿ ಸಿಮೆಂಟಿನ ಪಾಯಿಂಟಿಂಗ್ ಮಾಡಿದ್ದರು. ಸಿಮೆಂಟು ಮತ್ತು ಇಟ್ಟಿಗೆ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಮಳೆ ಅಲ್ಲಿಂದ ಒಳಗೆ ಹೋಗುತ್ತದೆ. ಹೊರಬರಲು ಸಂದಿ ಮುಚ್ಚಿದೆ, ಹಾಗಾಗಿ ಇಟ್ಟಿಗೆಯ ಮೈಯಿಂದಲೇ ಬರಬೇಕು. ಬರುವಾಗ ಉಪ್ಪನ್ನು ಎಳೆದು ತರುತ್ತದೆ. ಜನವರಿಯಲ್ಲಿ ಅದೇ ನೀರು ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯಾಗುವಾಗ ನೀರಿನ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದರಿಂದ ಇಟ್ಟಿಗೆಯ ಮುಖ ಹಪ್ಪಳದಂತೆ ಚಕ್ಕೆ ಏಳುತ್ತದೆ. ಸಂದಿ ಮಾತ್ರ ಗಟ್ಟಿಯಾಗಿ, ಬಲೆಯ ಹಾಗೆ, ಮುಂದಕ್ಕೆ ಚಾಚಿಕೊಂಡು ನಿಂತಿರುತ್ತದೆ. ಈ ದೃಶ್ಯ ಇಂಗ್ಲೆಂಡಿನ ಎಷ್ಟೋ ಬೀದಿಗಳಲ್ಲಿ ಕಾಣುತ್ತದೆ. ಗಟ್ಟಿಯಾದದ್ದು ಒಳ್ಳೆಯದು ಎಂಬ ನಂಬಿಕೆಯಿಂದ ಆದ ಹಾನಿ ಇದು. ನಮ್ಮಲ್ಲೂ ಹಳೆಯ ಸುಣ್ಣದ ಗಾರೆಯ ದೇವಸ್ಥಾನ, ಛತ್ರ, ತೊಟ್ಟಿಮನೆಗಳ ಮೇಲೆ ಸಿಮೆಂಟು ಬಳಿಯುವುದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಮಾಡಿಗೆ ಬರೋಣ. ಶಾಲೆಯಲ್ಲಿ ಬಳಪ ಹಿಡಿದು ಬರೆದ ಸ್ಲೇಟಿನ ಕಲ್ಲೇ ಇಲ್ಲಿ ಹಂಚಿನ ಬದಲು. ಪದರ ಪದರವಾಗಿ ಸೀಳುವ ಕಲ್ಲು. ವೇಲ್ಸ್ ಅದಕ್ಕೆ ಹೆಸರುವಾಸಿ. ಅದರ ಅಳತೆಗಳಿಗೆ ಸಿರಿವಂತ ಮನೆತನದ ಹೆಂಗಸರ ಬಿರುದುಗಳೇ ಹೆಸರಾಗಿದ್ದವು: 24 ಇಂಚು ಉದ್ದ 12 ಅಗಲದ್ದು ಡಚೆಸ್, 20ಕ್ಕೆ 10ರದ್ದು ಕೌಂಟೆಸ್, 16ಕ್ಕೆ 8ರದ್ದು ಲೇಡಿ. ಸಪಾಟಾದ, ತೆಳುವಾದ, ಅಗಲವಾದ ಕಲ್ಲಾದ್ದರಿಂದ ಮಣ್ಣಿನ ಹಂಚಿನ ಮಾಡಿನಷ್ಟು ಕಡಿದಾದ ಇಳಿಜಾರು ಬೇಡ. ಮಾಡು ತಗ್ಗಿದರೆ ಮರ ಕಡಿಮೆ, ಖರ್ಚು ಕಡಿಮೆ. ಕಲ್ಲು ನೂರೈವತ್ತು ವರ್ಷ ಬಾಳುತ್ತದೆ, ಆದರೆ ಅದನ್ನು ಹಿಡಿದಿರುವ ಎರಡು ಮೊಳೆ ಬಾಳುವುದಿಲ್ಲ. ಮೊಳೆ ತುಕ್ಕು ಹಿಡಿದು ಸ್ಲೇಟು ಜಾರಿದಾಗ ಜನ ಮಾಡೇ ಹಾಳಾಯಿತೆಂದು ಇಡೀ ಮಾಡನ್ನು ಕಿತ್ತು ಕಾಂಕ್ರೀಟ್ ಹಂಚು ಹಾಕಿಸುತ್ತಾರೆ. ಕಾಂಕ್ರೀಟ್ ಹಂಚಿನ ಭಾರ ಹೆಚ್ಚು; ಸ್ಲೇಟಿನ ಲೆಕ್ಕದಲ್ಲಿ ಹಾಕಿದ ಮರ ಬಾಗುತ್ತದೆ. ಬಾಗಿದ್ದು ಒಬ್ಬರ ಮನೆಯ ಮಾಡಾದರೂ ಸಾಲಿನ ರೇಖೆಯೆಲ್ಲ ಕೆಟ್ಟು ಕಾಣುತ್ತದೆ.

ಇಲ್ಲೇ ಸಾಲೇ ಕಟ್ಟಡ ಎಂಬ ಮಾತು ಅರ್ಥಪೂರ್ಣವಾಗುವುದು. ಎರಡು ಮನೆಗಳ ನಡುವಿನ ಜಂಟಿ ಗೋಡೆಯನ್ನು ಯೋಚಿಸಿ. ಅದು ಎರಡು ಮನೆಗಳ ತೊಲೆಗಳನ್ನು ಹೊರಬಹುದು. ಎರಡೂ ಕಡೆಯ ಒಲೆಗಳು ಬೆನ್ನಿಗೆ ಬೆನ್ನು ಕೊಟ್ಟು ಅದರಲ್ಲೇ ಕೂತಿರುತ್ತವೆ. ಎರಡೂ ಮನೆಯ ಹೊಗೆಗೂಡುಗಳು ಅದರೊಳಗೆ ಏರಿ ಮೇಲೆ ಒಂದೇ ಚಿಮಣಿಯಾಗುತ್ತವೆ. ಮಾಡಿನ ಮೇಲಿನ ಚಿಮಣಿಯಲ್ಲಿ ಮಣ್ಣಿನ ಕೊಳವೆಗಳನ್ನು ಎಣಿಸಿದರೆ ಕೆಳಗೆ ಎಷ್ಟು ಒಲೆಗಳಿದ್ದವು ಎಂದು ಬೀದಿಯಲ್ಲಿ ನಿಂತೇ ಹೇಳಬಹುದು. ಮನೆಯ ಅಗಲ ಸಾಮಾನ್ಯವಾಗಿ 12ರಿಂದ 16 ಅಡಿ ಯಾಕೆ? ನಡುವೆ ಕಂಬವಿಲ್ಲದೆ ಸಾಮಾನ್ಯ ತೊಲೆ ಅಷ್ಟೇ ದೂರ ಸುಲಭವಾಗಿ ಹಾಯುತ್ತದೆ. ಅಂದರೆ ಕೋಣೆಯ ಅಗಲವನ್ನು ನಿರ್ಧರಿಸಿದ್ದು ಮರ. ಸಾಲಿನ ನಡುವಿನ ಮನೆಗೆ ಎರಡೂ ಪಕ್ಕದವರು ಆಸರೆ; ಕೊನೆಯ ಮನೆಗೆ ಒಂದು ಕಡೆ ಆಸರೆಯಿಲ್ಲ. ಒಂದು ಮನೆ ಕೆಡವಿದರೆ ಅಕ್ಕಪಕ್ಕದ ಎರಡಕ್ಕೆ ಆಸರೆ ಕೊಡಬೇಕಾಗುತ್ತದೆ.

ಎಷ್ಟೋ ಸಾಲುಗಳಲ್ಲಿ ನಾಲ್ಕಾರು ಮನೆಗೊಂದರಂತೆ ಕೆಳಗೆ ಸುರಂಗದಂಥ ಕಿರುದಾರಿ ಇರುತ್ತದೆ, ಬೀದಿಯಿಂದ ಹಿಂದಿನ ಅಂಗಳಕ್ಕೆ. ಅದರ ಮೇಲೆ ಮಾಳಿಗೆಯಲ್ಲಿ ಕೋಣೆ ಇದೆ. ಕೋಣೆ ಯಾರದು? ಕೆಳಗಿನ ದಾರಿ ಎಲ್ಲರದು, ಮೇಲಿನ ಕೋಣೆ ಪಕ್ಕದ ಒಂದು ಮನೆಯದು. ನೆಲ ಒಬ್ಬರದು, ಅದರ ಮೇಲಿನ ಗಾಳಿ ಇನ್ನೊಬ್ಬರದು ಎಂಬ ಈ ಪರಿಸ್ಥಿತಿಗೆ ಇಂಗ್ಲೆಂಡಿನ ವಕೀಲರು ಹಾರುವ ಒಡೆತನ ಅನ್ನುವ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಆ ಕಿರುದಾರಿ ಸುಮ್ಮನೆ ಬಂದದ್ದಲ್ಲ. ಕಲ್ಲಿದ್ದಲು ಒಳಗೆ ಬರಬೇಕು, ಅಂಗಳದ ಕಕ್ಕಸಿನ ಮಲ ಹೊರಗೆ ಹೋಗಬೇಕು, ಮುಂಬಾಗಿಲ ಮೂಲಕ ಎರಡೂ ಸಲ್ಲದು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ನಂತರ ಕಟ್ಟಿದ ಸಾಲುಗಳಲ್ಲಿ ಈ ಕೆಲಸಕ್ಕೆ ಹಿಂದೊಂದು ಗಲ್ಲಿ ಬಂತು, ಬೀದಿಗಳು ಅಗಲವಾದವು, ನೆಲದ ತೇವ ಮೇಲೇರದಂತೆ ಗೋಡೆಯ ಬುಡದಲ್ಲಿ ಸ್ಲೇಟಿನ ಅಥವಾ ಡಾಂಬರಿನ ಪದರ ಹಾಕುವುದು ರೂಢಿಗೆ ಬಂತು. ಇಂಗ್ಲೆಂಡಿನ ಊರುಗಳಲ್ಲಿ ಸರಳರೇಖೆಯಲ್ಲಿ ಸಾಗುವ, ಒಂದೇ ಅಚ್ಚಿನ ಬೀದಿಗಳು ಕಂಡರೆ ಅವು ಹೆಚ್ಚಾಗಿ ಆ ಕಾಯ್ದೆಯ ಮಕ್ಕಳು.

ಕಿಟಕಿ ನನಗೆ ಬಹಳ ಇಷ್ಟ. ಮೇಲಕ್ಕೂ ಕೆಳಕ್ಕೂ ಜಾರುವ ಎರಡು ಗಾಜಿನ ಚೌಕಟ್ಟು. ಪಕ್ಕದ ಮರದ ಪೆಟ್ಟಿಗೆಯೊಳಗೆ ಬೀಡುಕಬ್ಬಿಣದ ತೂಕದ ಗುಂಡು ಹಗ್ಗದಲ್ಲಿ ನೇತಾಡುತ್ತದೆ, ಹಗ್ಗ ಪುಟ್ಟ ರಾಟೆಯ ಮೇಲೆ ಹಾದು ಚೌಕಟ್ಟಿಗೆ ಕಟ್ಟಿರುತ್ತದೆ. ಬಾವಿಯ ರಾಟೆಯ ಲೆಕ್ಕವೇ. ತೂಕ ಸರಿದೂಗಿದ್ದರಿಂದ ಒಂದೇ ಬೆರಳಿನಲ್ಲಿ ಎತ್ತಬಹುದು, ಬಿಟ್ಟಲ್ಲೇ ನಿಲ್ಲುತ್ತದೆ. ಮೇಲಿನದನ್ನು ಒಂದಿಷ್ಟು ಇಳಿಸಿ ಕೆಳಗಿನದನ್ನು ಒಂದಿಷ್ಟು ಎತ್ತಿದರೆ ಬಿಸಿ ಗಾಳಿ ಮೇಲಿನಿಂದ ಹೋಗಿ ತಂಪು ಗಾಳಿ ಕೆಳಗಿನಿಂದ ಬರುತ್ತದೆ, ಕರೆಂಟಿಲ್ಲದ ಫ್ಯಾನು. 1840ರ ಕಿಟಕಿಯಲ್ಲಿ ಸಣ್ಣ ಸಣ್ಣ ಗಾಜಿನ ಚೌಕಗಳಿರುತ್ತವೆ, ಯಾಕೆಂದರೆ ದೊಡ್ಡ ಗಾಜು ಆಗ ದುಬಾರಿ. ಶತಮಾನದ ಕೊನೆಗೆ ಬಂದರೆ ಒಂದೊಂದು ಚೌಕಟ್ಟಿಗೆ ಒಂದು ಅಥವಾ ಎರಡೇ ಗಾಜು, ಮತ್ತು ಆ ಭಾರ ತಾಳಲೆಂದು ಮೇಲಿನ ಚೌಕಟ್ಟಿನ ಕೆಳತುದಿಗಳಲ್ಲಿ ಕೊಂಬಿನಂಥ ಮರದ ಚಾಚು. ಕಿಟಕಿ ನೋಡಿ ದಶಕ ಹೇಳುವವರಿದ್ದಾರೆ. ಪ್ಲಾಸ್ಟಿಕ್ ಕಿಟಕಿ ಹಾಕಿಸಿದ ದಿನ ಈ ಗುರುತೆಲ್ಲ ಹೋಗುತ್ತದೆ. ಕಲ್ಲಿದ್ದಲಿನ ಒಲೆ ಉರಿಯುವಾಗ ಚಿಮಣಿಯೂ ಕೋಣೆಯ ಗಾಳಿಯನ್ನು ಎಳೆದು ಹೊರಹಾಕುತ್ತಿತ್ತು. ಒಲೆ ಮುಚ್ಚಿ, ಕಿಟಕಿ ಬಿಗಿದು, ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿದು ಆಮೇಲೆ ಮನೆಯಲ್ಲಿ ಥಂಡಿ ಅಂದರೆ ತಪ್ಪು ಮನೆಯದಲ್ಲ.

ಈಗ ಲಿಸ್ಟೆಡ್ ಎಂಬ ಪದ. ಇಂಗ್ಲೆಂಡಿನಲ್ಲಿ ವಿಶೇಷ ವಾಸ್ತುಶಿಲ್ಪದ ಅಥವಾ ಇತಿಹಾಸದ ಮಹತ್ವವಿರುವ ಕಟ್ಟಡಗಳ ಪಟ್ಟಿ ಇದೆ. ಎರಡನೇ ಮಹಾಯುದ್ಧದ ಬಾಂಬುಗಳಲ್ಲಿ ಊರುಗಳು ಸುಟ್ಟ ಮೇಲೆ, 1944 ಮತ್ತು 1947ರ ಕಾನೂನುಗಳಿಂದ ಇದು ಗಟ್ಟಿಯಾಯಿತು. ಈಗ ನಡೆಯುವುದು 1990ರ ಕಾಯ್ದೆಯಂತೆ. ದರ್ಜೆ ಮೂರು: ಗ್ರೇಡ್ 1, ಗ್ರೇಡ್ 2 ಸ್ಟಾರ್, ಗ್ರೇಡ್ 2. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಟ್ಟಡಗಳು ಗ್ರೇಡ್ 2. ಅದು ಮೂರನೆಯ ದರ್ಜೆಯಾದರೂ ರಕ್ಷಣೆ ಸಡಿಲವಲ್ಲ. ಮುಂಭಾಗಕ್ಕೆ ಮಾತ್ರ ಅನ್ವಯ ಎಂದು ಬಹಳ ಜನ ತಿಳಿದಿರುತ್ತಾರೆ. ತಪ್ಪು. ಒಳಗಿನ ಮೆಟ್ಟಿಲು, ಬಾಗಿಲು, ಒಲೆಯ ಸುತ್ತಿನ ಕೆತ್ತನೆ, 1948ರ ಜುಲೈಗಿಂತ ಮುಂಚಿನ ಹಿತ್ತಿಲ ಕಲ್ಲಿದ್ದಲು ಕೋಣೆಯವರೆಗೆ ಎಲ್ಲ ಸೇರುತ್ತದೆ. ಕಟ್ಟಡದ ಸ್ವರೂಪ ಬದಲಿಸುವ ಕೆಲಸಕ್ಕೆ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಮಾಡಿದರೆ ಅದು ಅಪರಾಧ. ದಂಡ ಮಾತ್ರವಲ್ಲ, ಎರಡು ವರ್ಷದವರೆಗೆ ಜೈಲು ವಿಧಿಸುವ ಅವಕಾಶವೂ ಇದೆ. ಹಾಗೆಂದು ಏನೂ ಮುಟ್ಟಬಾರದೆಂದಲ್ಲ. ಅಡುಗೆಮನೆ, ಬಚ್ಚಲು, ಬಿಸಿನೀರು, ವೈರಿಂಗ್ ಎಲ್ಲ ಈ ಮನೆಗಳಲ್ಲೂ ಇವೆ. ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂದು ಮೊದಲು ಲೆಕ್ಕ ಹಾಕಿ ಆಮೇಲೆ ಮುಟ್ಟಿ ಅನ್ನುತ್ತದೆ ಕಾನೂನು.

1700ರಿಂದ 1850ರ ನಡುವಿನ, ಮೂಲರೂಪ ಸಾಕಷ್ಟು ಉಳಿಸಿಕೊಂಡ ಕಟ್ಟಡಗಳು ಪಟ್ಟಿಗೆ ಸೇರುವ ಸಾಧ್ಯತೆ ಹೆಚ್ಚು. 1850ರ ನಂತರ ಲಕ್ಷಾಂತರ ಮನೆಗಳು ಬಂದದ್ದರಿಂದ ಅಲ್ಲಿ ಆಯ್ಕೆ ಬಿಗಿ. ಅದಕ್ಕೇ ನನ್ನ ಬಾಡಿಗೆ ಮನೆಯಂಥವು ಹೊರಗುಳಿದಿವೆ. ಇನ್ನೊಂದು ಮಾನದಂಡಕ್ಕೆ ಗುಂಪಿನ ಮೌಲ್ಯ ಎಂದು ಹೆಸರು. ಒಂದೊಂದಾಗಿ ನೋಡಿದರೆ ಸಾಧಾರಣ, ಒಟ್ಟಿಗೆ ನೋಡಿದರೆ ಮಹತ್ವದ್ದು. ಕಾನೂನೂ ಕೊನೆಗೆ ಸಾಲನ್ನೇ ಕಟ್ಟಡವೆಂದು ಕಾಣುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ.

ಡಾರ್ಬಿಯ ಈ ಗುಂಪು ಉಳಿದದ್ದು ತಾನಾಗಿ ಅಲ್ಲ. 1970ರ ದಶಕದಲ್ಲಿ ಮನೆಗಳು ಪಾಳುಬಿದ್ದು, ಕೆಡವುವುದೊಂದೇ ದಾರಿ ಅನ್ನುವ ಹಂತಕ್ಕೆ ಬಂದಿದ್ದವು. ಊರಿನ ಜನ ಹೋರಾಡಿದರು. 1974ರಲ್ಲಿ ಹುಟ್ಟಿದ ಡಾರ್ಬಿಶೈರ್ ಹಿಸ್ಟಾರಿಕ್ ಬಿಲ್ಡಿಂಗ್ಸ್ ಟ್ರಸ್ಟ್ ಮನೆಗಳನ್ನು ಕೈಗೆತ್ತಿಕೊಂಡು, ದುರಸ್ತಿ ಮಾಡಿ, ವಾಸಕ್ಕೆಂದೇ ಮಾರಿತು. ಮೂಲೆಯ ಬ್ರನ್ಸ್‌ವಿಕ್ ಇನ್ 1987ರಲ್ಲಿ ಮತ್ತೆ ಬಾಗಿಲು ತೆರೆಯಿತು. ಮ್ಯೂಸಿಯಂ ಮಾಡಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಇವತ್ತು ಆ ಬೀದಿಯಲ್ಲಿ ನಡೆದರೆ ಕಿಟಕಿಯಲ್ಲಿ ಹೂಕುಂಡ, ಬಾಗಿಲಲ್ಲಿ ಮಕ್ಕಳ ಬೂಟು. ಥಾಮ್ಸನ್ ಬರೆದ ನಿಲ್ದಾಣ ಉಳಿಯಲಿಲ್ಲ, 1985ರಲ್ಲಿ ಮುಂಭಾಗದ ಹಳೆಯ ಕಟ್ಟಡವೂ ನೆಲಸಮವಾಯಿತು. ಅವನು ಕೂಲಿಕಾರರಿಗೆ ಬರೆದ ಮನೆಗಳು ನಿಂತಿವೆ.

ನನ್ನ ಬಾಡಿಗೆ ಮನೆಯ ಯಜಮಾನರಿಗೆ ಸಿಮೆಂಟಿನ ವಿಷಯ ತಿಳಿಸಿ ಹೇಳಲು ಮೂರು ತಿಂಗಳು ಹಿಡಿಯಿತು. ಚಳಿಯಲ್ಲಿ ಸುಣ್ಣದ ಕೆಲಸ ಆಗುವುದಿಲ್ಲ, ಹೆಪ್ಪುಗಟ್ಟಿದರೆ ಗಾರೆ ಪುಡಿಯಾಗುತ್ತದೆ. ಹಾಗಾಗಿ ಮೇ ತಿಂಗಳವರೆಗೆ ಕಾದೆವು. ಬಂದ ಕೆಲಸಗಾರ ಯಂತ್ರ ಮುಟ್ಟಲಿಲ್ಲ. ಚಾಣ, ಸುತ್ತಿಗೆ ಹಿಡಿದು ಸಂದಿ ಸಂದಿಯಾಗಿ ಹಿಂದಿನ ಗೋಡೆಯ ಸಿಮೆಂಟನ್ನು ಕೆತ್ತಿದ, ಬ್ರಶ್ಶಿನಿಂದ ಧೂಳು ತೆಗೆದು ನೀರು ಚಿಮುಕಿಸಿದ, ಸುಣ್ಣ ಮರಳಿನ ಗಾರೆ ಒತ್ತಿ ತುಂಬಿದ. ಸಂಜೆ ಹೊರಡುವ ಮುನ್ನ ಗೋಡೆಯ ತುಂಬ ಒದ್ದೆ ಗೋಣಿತಾಟು ಇಳಿಬಿಟ್ಟ, ಗಾರೆ ಬೇಗ ಒಣಗಿ ಬಿರಿಯಬಾರದೆಂದು. ಮಾವನಿಗೆ ಫೋಟೊ ಕಳಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಬೆಳಿಗ್ಗೆ ಎದ್ದು ಆ ಚೀಲಕ್ಕೆ ನೀರು ಹಾಕೋರು ಯಾರು?" ವಾರದವರೆಗೆ ದಿನಕ್ಕೆರಡು ಸಲ ನಾನೇ ಹಾಕಿದೆ.